ಡಿಎನ್‌ಎ ಹೋಲಿಕೆಯ ತಂತ್ರಾಂಶಕ್ಕೆ ನಮ್ಮ ಮನೆಗಳ ವಂಶವೃಕ್ಷವನ್ನು ಬರೆಯುವ ಕ್ರಮ

ವಿಶ್ವೇಶ್ವರಯ್ಯ ನಾಲೆಗೆ ನೀರು ನಿಲ್ಲಿಸಿದ ದಿನಗಳಲ್ಲಿ ಮಂಡ್ಯ ಜಿಲ್ಲೆಯ ಯಾವುದೋ ಸೇತುವೆಯ ಕೆಳಗೆ ಹೂಳಿನಲ್ಲಿ ಮನುಷ್ಯನ ಅಸ್ಥಿಗಳು ಸಿಕ್ಕವೆಂದು ಇಟ್ಟುಕೊಳ್ಳೋಣ. ಮುಖವಿಲ್ಲ, ಬಟ್ಟೆಯಿಲ್ಲ, ಕಿಸೆಯಲ್ಲಿ ಕಾಗದವಿಲ್ಲ. ಮೂರು ವರ್ಷದ ಹಿಂದೆ ಕಾಣೆಯಾದ ತಮ್ಮ ಮನೆಯವನೇ ಇರಬಹುದೆಂದು ಒಂದು ಕುಟುಂಬ ಠಾಣೆಗೆ ಬರುತ್ತದೆ. ಸತ್ತವನ ಹಳೆಯ ಡಿಎನ್‌ಎ ಮಾದರಿ ಯಾರ ಬಳಿಯೂ ಇರುವುದಿಲ್ಲವಾದ್ದರಿಂದ, ಮೂಳೆಯ ಡಿಎನ್‌ಎಯನ್ನು ಬದುಕಿರುವ ಬಂಧುಗಳ ಡಿಎನ್‌ಎಯೊಂದಿಗೆ ಹೋಲಿಸಿ, ಈ ಹೋಲಿಕೆ ರಕ್ತಸಂಬಂಧದಿಂದ ಬಂದದ್ದೋ ಕೇವಲ ಆಕಸ್ಮಿಕವೋ ಎಂದು ಲೆಕ್ಕ ಹಾಕಬೇಕಾಗುತ್ತದೆ. ಆ ಲೆಕ್ಕವನ್ನು ಮಾಡುವ ತಂತ್ರಾಂಶಗಳನ್ನು ಬಳಸುವುದು ಹೇಗೆಂಬುದನ್ನು ವಿಧಿವಿಜ್ಞಾನ ಓದುತ್ತಿರುವವರಿಗೂ, ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರಿಗೂ ನೆರವಾಗಲೆಂದು ಇಲ್ಲಿ ಬರೆದಿದ್ದೇನೆ. ಲೆಕ್ಕವನ್ನು ತಂತ್ರಾಂಶ ತಪ್ಪಿಸುವುದು ಅಪರೂಪ; ಹೆಚ್ಚಾಗಿ ಅದಕ್ಕೆ ನಾವು ಕೊಡುವ ವಂಶವೃಕ್ಷ ತಪ್ಪಾಗಿರುತ್ತದೆ. ಮೈಸೂರು, ಮಂಡ್ಯ ಸೀಮೆಯಲ್ಲಿ ಆ ತಪ್ಪಿಗೆ ಕಾರಣಗಳು ನಮ್ಮ ಮದುವೆಯ ಪದ್ಧತಿಯಲ್ಲಿಯೂ ನಮ್ಮ ಸಂಬಂಧವಾಚಕಗಳಲ್ಲಿಯೂ ಇವೆ. ಆದ್ದರಿಂದ ಗುಂಡಿ ಒತ್ತುವ ಕೆಲಸಕ್ಕಿಂತ ವಂಶವೃಕ್ಷಕ್ಕೆ ಇಲ್ಲಿ ಹೆಚ್ಚು ಜಾಗ ಸಿಕ್ಕಿದೆ.

ಮೊದಲು, ತಂತ್ರಾಂಶದ ಕೈಗೆ ಸಿಗುವುದು ಏನು ಎಂಬುದು. ಪ್ರಯೋಗಾಲಯದ ಯಂತ್ರ ಕೊಡುವ ಡಿಎನ್‌ಎ ಪ್ರೊಫೈಲು ಎಂದರೆ ಅಂಕಿಗಳ ಒಂದು ಪಟ್ಟಿ. ನಮ್ಮ ವರ್ಣತಂತುಗಳ ಕೆಲವು ಗೊತ್ತಾದ ಜಾಗಗಳಲ್ಲಿ ಸಣ್ಣದೊಂದು ಅಕ್ಷರಗುಚ್ಛ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬಂದಿದೆ ಎಂಬ ಎಣಿಕೆಯೇ ಅಲೀಲು. ಇಂಥ ಜಾಗವನ್ನು ಎಸ್‌ಟಿಆರ್ ಮಾರ್ಕರ್ ಎನ್ನುತ್ತಾರೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಬರುವುದರಿಂದ ಪ್ರತಿ ಮಾರ್ಕರಿಗೆ ಎರಡು ಅಂಕಿಗಳಿರುತ್ತವೆ. ಅಪರಾಧ ತನಿಖೆಗಾಗಿ ಡಿಎನ್‌ಎ ಪ್ರೊಫೈಲುಗಳನ್ನು ಕೂಡಿಡುವ ಅಮೆರಿಕದ ಕೋಡಿಸ್ ವ್ಯವಸ್ಥೆ ಮೊದಲು 13 ಮಾರ್ಕರುಗಳನ್ನು ಆರಿಸಿಕೊಂಡಿತ್ತು, 2017ರಿಂದ ಅದು 20ಕ್ಕೆ ಏರಿತು. ಇಂದು ಬಳಕೆಯಲ್ಲಿರುವ ಕಿಟ್‌ಗಳು ಹೆಚ್ಚುಕಡಿಮೆ ಅದೇ ಮಾರ್ಕರುಗಳ ಸುತ್ತ ಹೆಣೆದವು. ಗಂಡೋ ಹೆಣ್ಣೋ ತಿಳಿಸುವ ಅಮೆಲೊಜೆನಿನ್ ಕೂಡ ಪಟ್ಟಿಯಲ್ಲಿರುತ್ತದೆ, ಆದರೆ ಅದನ್ನು ಸಂಬಂಧದ ಲೆಕ್ಕಕ್ಕೆ ಸೇರಿಸಬಾರದು.

ತಂತ್ರಾಂಶದ ಆಯ್ಕೆಯ ವಿಷಯದಲ್ಲಿ ಬಹಳ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. 2014ರಲ್ಲಿ ಯುಕ್ರೇನಿನ ಮೇಲೆ ಬಿದ್ದ ಎಂಎಚ್17 ವಿಮಾನದ ಮೃತರ ಗುರುತಿಗೆ ಬಳಕೆಯಾದ ಡಚ್ಚರ ಬೊನಾಪಾರ್ಟೆ, ನ್ಯೂಯಾರ್ಕಿನ ಅವಳಿ ಗೋಪುರಗಳ ಮೃತರಿಗಾಗಿ ಕಟ್ಟಿದ ಎಂ-ಫಿಸಿಸ್ ಮುಂತಾದವು ದೊಡ್ಡ ಸಂಸ್ಥೆಗಳ ಸೊತ್ತು. ಕಲಿಯುವವರಿಗೂ ಸಾಧಾರಣ ಪ್ರಕರಣಗಳಿಗೂ ಉಚಿತವಾಗಿ ಸಿಗುವ ಫ್ಯಾಮಿಲಿಯಾಸ್ ಸಾಕು. ನಾರ್ವೆಯ ಥೋರೆ ಎಗೆಲಾಂಡ್ ಮತ್ತು ಪೆಟ್ಟರ್ ಮೋಸ್ಟಾಡ್ ಮೊದಲಾದವರ ಕೆಲಸದಿಂದ ಬೆಳೆದ ಇದು ವಿಂಡೋಸ್‌ನಲ್ಲಿ ನಡೆಯುತ್ತದೆ, ಹಲವು ದೇಹಗಳನ್ನು ಹಲವು ಕುಟುಂಬಗಳೊಂದಿಗೆ ಹೋಲಿಸುವ ವಿಭಾಗವೂ ಅದರಲ್ಲಿದೆ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಓಸ್ಲೋದ ಮ್ಯಾಗ್ನಸ್ ವೀಗೆಲಾಂಡ್ ಬರೆದ ಪೆಡ್‌ಸೂಟ್ ಪ್ಯಾಕೇಜುಗಳಿವೆ. ಅದೇ ಬಳಗದ ಕ್ವಿಕ್‌ಪೆಡ್ ಎಂಬುದು ಬ್ರೌಸರಿನಲ್ಲಿಯೇ ವಂಶವೃಕ್ಷ ಬರೆಯುವ ಸಾಧನ. ಅದಕ್ಕೆ ಡಿಎನ್‌ಎ ಅಂಕಿ ಕೊಡಬೇಕಾಗಿಲ್ಲ, ಗೆರೆ ಎಳೆದರೆ ಇಬ್ಬರ ನಡುವಿನ ಸಂಬಂಧದ ಪ್ರಮಾಣವನ್ನು ಹೇಳುತ್ತದೆ. ನನ್ನ ಮಟ್ಟಿಗೆ ಕಲಿಕೆ ಕ್ವಿಕ್‌ಪೆಡ್‌ನಿಂದಲೇ ಆರಂಭವಾಗಬೇಕು. 2018ರಲ್ಲಿ ಕ್ಯಾಲಿಫೋರ್ನಿಯದ ಹಳೆಯ ಕೊಲೆಗಾರನೊಬ್ಬನನ್ನು ಹಿಡಿದುಕೊಟ್ಟ ಜೆಡ್‌ಮ್ಯಾಚ್ (ಜನರು ಬಂಧುಗಳನ್ನು ಹುಡುಕಲು ತಮ್ಮ ಡಿಎನ್‌ಎ ವಿವರ ಹಾಕುವ ಜಾಲತಾಣ) ಮಾದರಿಯ ಹುಡುಕಾಟದಲ್ಲಿ ಲಕ್ಷಾಂತರ ಎಸ್‌ಎನ್‌ಪಿಗಳನ್ನು, ಅಂದರೆ ಡಿಎನ್‌ಎಯ ಒಂದೊಂದೇ ಅಕ್ಷರದ ವ್ಯತ್ಯಾಸಗಳನ್ನು, ಹೋಲಿಸುತ್ತಾರೆ. ಅದು ಬೇರೆಯೇ ದಾರಿ, ಇಲ್ಲಿನ ಚರ್ಚೆಗೆ ಸೇರಿದ್ದಲ್ಲ.

ಇನ್ನು ಕುಟುಂಬದವರನ್ನು ಕೂರಿಸಿಕೊಂಡು ಕೇಳುವ ಕೆಲಸ. ಇದನ್ನು ಅರ್ಧ ಗಂಟೆಯಲ್ಲಿ ಮುಗಿಸುವವರನ್ನು ಕಂಡಿದ್ದೇನೆ. ಅರ್ಧ ದಿನ ಹಿಡಿದರೂ ಅದು ವ್ಯರ್ಥವಲ್ಲ. ತಂತ್ರಾಂಶಕ್ಕೆ ಗೊತ್ತಿರುವುದು ಒಂದೇ ಸಂಬಂಧ, ಇವರು ಇವರಿಗೆ ಹುಟ್ಟಿದವರು ಎಂಬುದು. ಅಣ್ಣ, ಅತ್ತೆ, ಮಾವ, ಚಿಕ್ಕಪ್ಪ ಎಲ್ಲವನ್ನೂ ಆ ಒಂದೇ ಸಂಬಂಧಕ್ಕೆ ಒಡೆದು ಹೇಳಬೇಕು. ನಮ್ಮ ಮಾತಿನಲ್ಲಿ ಮಾವ ಎಂದರೆ ತಾಯಿಯ ಒಡಹುಟ್ಟಿದವನಾಗಬಹುದು, ಸೋದರತ್ತೆಯ ಗಂಡನಾಗಬಹುದು, ಹೆಂಡತಿಯ ತಂದೆಯೂ ಆಗಬಹುದು. ದೊಡ್ಡಪ್ಪ ಎಂದರೆ ತಂದೆಯ ಅಣ್ಣನೂ ಹೌದು, ತಾಯಿಯ ಅಕ್ಕನ ಗಂಡನೂ ಹೌದು. ಮೊದಲನೆಯವನ ರಕ್ತ ನಮಗೆ ಬೇಕು, ಎರಡನೆಯವನದು ಕೆಲಸಕ್ಕೆ ಬಾರದು. ಚಿಕ್ಕಪ್ಪನ ಮಗನನ್ನೂ ಚಿಕ್ಕಮ್ಮನ ಮಗನನ್ನೂ ನಾವು ಅಣ್ಣ ತಮ್ಮ ಎಂದೇ ಕರೆಯುತ್ತೇವೆ. ಕೆಲವು ಮನೆಗಳಲ್ಲಿ ಮಕ್ಕಳು ತಂದೆಯನ್ನೇ ಅಣ್ಣ ಎನ್ನುವ ರೂಢಿಯೂ ಇದೆ. ಆದ್ದರಿಂದ ‘ಕಾಣೆಯಾದವರು ನಿಮಗೆ ಏನಾಗಬೇಕು?’ ಎಂಬ ಪ್ರಶ್ನೆಗೆ ಬಂದ ಉತ್ತರವನ್ನು ಹಾಗೆಯೇ ಫಾರಮ್ಮಿಗೆ ಇಳಿಸಬಾರದು. ‘ನೀವೂ ಅವರೂ ಒಬ್ಬ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರಾ? ತಂದೆಯೂ ಒಬ್ಬರೇನಾ?’ ಎಂದು ಬಿಡಿಸಿ ಕೇಳಬೇಕು. ಸಂಕೋಚದ ಪ್ರಶ್ನೆಯೇ ಸರಿ, ಆದರೆ ಕೇಳುವ ರೀತಿಯಲ್ಲಿ ಕೇಳಿದರೆ ಹಳ್ಳಿಯ ಹಿರಿಯರು ಅದಕ್ಕೆ ನೇರವಾಗಿಯೇ ಉತ್ತರಿಸುತ್ತಾರೆ.

ಅದರ ಬೆನ್ನಿಗೇ ಮೂರು ವಿಷಯ ಕೇಳಿ. ಸಾಕಿಕೊಂಡ ಮಕ್ಕಳು ಇದ್ದಾರೆಯೇ ಎಂಬುದು ಒಂದು. ಹೆಂಡತಿಗೆ ಮಕ್ಕಳಾಗದೆ ಅವಳ ತಂಗಿಯನ್ನೇ ತಂದುಕೊಂಡ ಮನೆಯೇ ಎಂಬುದು ಇನ್ನೊಂದು. ಅಕ್ಕನಿಗೂ ಕಡೆಗೆ ಮಗುವಾಗಿದ್ದರೆ ಆ ಇಬ್ಬರು ಹೆಂಗಸರ ಮಕ್ಕಳು ಬರಿಯ ತಂದೆಯ ಕಡೆಯಿಂದ ಒಡಹುಟ್ಟಿದವರಲ್ಲ, ತಾಯಂದಿರ ಕಡೆಯಿಂದಲೂ ರಕ್ತ ಹಂಚಿಕೊಂಡವರು. ಮೂರನೆಯದು ಮತ್ತು ಮುಖ್ಯವಾದದ್ದು, ಗಂಡ ಹೆಂಡಿರು ಮದುವೆಗೆ ಮೊದಲೇ ಬಂಧುಗಳಾಗಿದ್ದರೇ ಎಂಬುದು. ಅಕ್ಕನ ಮಗಳನ್ನು ಮದುವೆಯಾಗುವುದು, ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ತರುವುದು ನಮ್ಮಲ್ಲಿ ಎಷ್ಟು ಸಹಜವೆಂದರೆ, ಕೇಳದಿದ್ದರೆ ಯಾರೂ ಅದನ್ನು ವಿಶೇಷವೆಂದು ಹೇಳುವುದಿಲ್ಲ. ಒಮ್ಮೆ ಮೈಸೂರಿನಲ್ಲಿ ತರಬೇತಿ ನೀಡುವಾಗ ನನ್ನ ವಿದ್ಯಾರ್ಥಿಯೊಬ್ಬ ಅಭ್ಯಾಸಕ್ಕಾಗಿ ತನ್ನ ಮನೆಯದೇ ವಂಶವೃಕ್ಷವನ್ನು ಬರೆದು ತಂದಿದ್ದ. ಅಂದವಾಗಿಯೇ ಇತ್ತು. ‘ನಿಮ್ಮ ತಾಯಿಯ ತಾಯಿ ಯಾರು?’ ಎಂದು ಕೇಳಿದೆ. ‘ನಮ್ಮ ಅತ್ತೆ, ಅಪ್ಪನ ಅಕ್ಕ’ ಎಂದ. ಹಾಳೆಯಲ್ಲಿ ಆ ಅತ್ತೆ ಒಂದು ತುದಿಯಲ್ಲಿ, ತಾಯಿ ಇನ್ನೊಂದು ತುದಿಯಲ್ಲಿ ಇದ್ದರು, ನಡುವೆ ಗೆರೆಯೇ ಇರಲಿಲ್ಲ.

ಆ ಒಂದು ಗೆರೆ ಲೆಕ್ಕವನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ನೋಡೋಣ. ಅಕ್ಕನ ಮಗಳನ್ನು ಮದುವೆಯಾದವನ ಮಗುವಿಗೆ ಒಂದು ಮಾರ್ಕರಿನಲ್ಲಿ ಒಂದೇ ಪೂರ್ವಜನ ಒಂದೇ ಅಲೀಲು ಎರಡೂ ಕಡೆಯಿಂದ ಬರುವ ಸಂಭವ 1/8. ಸೋದರಮಾವನ ಮಗಳೊಂದಿಗಿನ ಮದುವೆಯಲ್ಲಿ ಅದು 1/16. ಜನರಲ್ಲಿ ನೂರಕ್ಕೆ ಹತ್ತರಂತೆ ಕಾಣುವ ಅಲೀಲು, ಅಂದರೆ ಆವರ್ತನ 0.1 ಇರುವುದು, ಜೋಡಿಯಾಗಿ ಬರುವ ಸಂಭವ ಬಂಧುಗಳಲ್ಲದವರ ಮಗುವಿನಲ್ಲಿ 0.01 ಆದರೆ, ಅಕ್ಕನ ಮಗಳ ಮದುವೆಯ ಮಗುವಿನಲ್ಲಿ 0.02125. ಎರಡರಷ್ಟಕ್ಕಿಂತ ಹೆಚ್ಚು.

ಈಗ ಕಾಣೆಯಾದ ಗಂಡಸಿನ ಹೆಂಡತಿ ಮತ್ತು ಮಗಳು ರಕ್ತ ಕೊಟ್ಟಿದ್ದಾರೆ, ಹೆಂಡತಿ ಅವನ ಅಕ್ಕನ ಮಗಳು ಎಂದುಕೊಳ್ಳಿ. ಎಲ್ಲ ಅಲೀಲುಗಳ ಆವರ್ತನವನ್ನೂ 0.1 ಎಂದೇ ಹಿಡಿಯೋಣ. ಒಂದು ಮಾರ್ಕರಿನಲ್ಲಿ ಹೆಂಡತಿ 12,15, ಮಗಳು 12,13, ಅಸ್ಥಿ 13,14. ಇನ್ನೊಂದು ಮಾರ್ಕರಿನಲ್ಲಿ ಮೂವರೂ 12,15. ಗಂಡ ಹೆಂಡಿರ ನಡುವಿನ ರಕ್ತಸಂಬಂಧವನ್ನು ಬರೆಯದೆ ಬಿಟ್ಟರೆ ಎರಡು ಮಾರ್ಕರುಗಳಲ್ಲಿಯೂ ಸಂಭಾವ್ಯತಾ ಅನುಪಾತ (ಅಸ್ಥಿ ಅವನದಾಗಿದ್ದರೆ ಈ ಅಂಕಿಗಳು ಸಿಗುವ ಸಂಭವ, ಬೇರೊಬ್ಬನದಾಗಿದ್ದರೆ ಸಿಗುವ ಸಂಭವದ ಎಷ್ಟು ಪಟ್ಟು ಎಂಬುದು) 5 ಎಂದೇ ಬರುತ್ತದೆ. ಸಂಬಂಧವನ್ನು ಬರೆದರೆ ಮೊದಲನೆಯದು 3.33ಕ್ಕೆ ಇಳಿಯುತ್ತದೆ, ಎರಡನೆಯದು 7.5ಕ್ಕೆ ಏರುತ್ತದೆ. ಕಾರಣ ಸರಳ. ಸೋದರಮಾವನಾಗಿದ್ದವನಿಗೂ ಸೊಸೆಗೂ ಯಾವ ಅಲೀಲೂ ಸಮಾನವಾಗಿ ಕಾಣದಿದ್ದರೆ ಅದು ಗುರುತಿಗೆ ಸ್ವಲ್ಪ ವಿರುದ್ಧವಾದ ಸಾಕ್ಷಿ. ಎರಡೂ ಸಮಾನವಾಗಿದ್ದರೆ ಪರವಾದ ಸಾಕ್ಷಿ. ಸಂಬಂಧವನ್ನು ಬರೆಯದಿದ್ದಾಗ ತಂತ್ರಾಂಶಕ್ಕೆ ಆ ಸಾಕ್ಷಿ ಕಾಣುವುದೇ ಇಲ್ಲ. ಮೊದಲಿನಂಥ ಮಾರ್ಕರುಗಳೇ ಹತ್ತು ಬಂದರೆ, ಅಷ್ಟರಲ್ಲೇ ನಾವು ಹೇಳಿದ ಅನುಪಾತ ನಿಜವಾದದ್ದರ ಸುಮಾರು 58 ಪಟ್ಟು ಆಗಿರುತ್ತದೆ.

ಫ್ಯಾಮಿಲಿಯಾಸ್‌ನಲ್ಲಿ ಇದನ್ನು ಬರೆಯುವುದು ಹೀಗೆ. ವ್ಯಕ್ತಿಗಳ ಪಟ್ಟಿಗೆ ಅಸ್ಥಿ, ಹೆಂಡತಿ, ಮಗಳು ಇವರಲ್ಲದೆ, ಡಿಎನ್‌ಎ ಇಲ್ಲದವರನ್ನೂ ಸೇರಿಸಬೇಕು: ಕಾಣೆಯಾದವನ ಅಕ್ಕ, ಮತ್ತು ಆ ಅಕ್ಕ ತಮ್ಮಂದಿರ ತಂದೆ ತಾಯಿ. ಸತ್ತವರೆಂದು, ರಕ್ತ ಸಿಕ್ಕಿಲ್ಲವೆಂದು ಅವರನ್ನು ಬಿಟ್ಟರೆ ಸುರುಳಿ, ಅಂದರೆ ಗಂಡನ ಗೆರೆಯೂ ಹೆಂಡತಿಯ ಗೆರೆಯೂ ಮೇಲೆ ಒಂದೇ ದಂಪತಿಗಳಲ್ಲಿ ಕೂಡುವ ಸುತ್ತು, ಮುಚ್ಚುವುದಿಲ್ಲ. ಅಜ್ಜ ಅಜ್ಜಿಯರಿಂದ ಅಕ್ಕನಿಗೆ ಎರಡು ಗೆರೆ, ತಮ್ಮನಿಗೆ ಎರಡು, ಅಕ್ಕನಿಂದ ಅವಳ ಮಗಳಾದ ಹೆಂಡತಿಗೆ ಒಂದು, ಗಂಡ ಹೆಂಡಿರಿಂದ ಮಗಳಿಗೆ ಎರಡು, ಒಟ್ಟು ಏಳು. ಇಂಥ ಎರಡು ವೃಕ್ಷ ಬೇಕು. ಮೊದಲನೆಯದರಲ್ಲಿ ತಮ್ಮನ ಜಾಗದಲ್ಲಿ ಅಸ್ಥಿ ಇರುತ್ತದೆ. ಎರಡನೆಯದರಲ್ಲಿ ಆ ಜಾಗದಲ್ಲಿ ಡಿಎನ್‌ಎ ಇಲ್ಲದ ಒಬ್ಬ ವ್ಯಕ್ತಿ ಇದ್ದು, ಅಸ್ಥಿ ಯಾರಿಗೂ ಸೇರದೆ ಹೊರಗೆ ನಿಲ್ಲುತ್ತದೆ. ಎರಡನೆಯದನ್ನು ಬರೆಯುವಾಗ ಸುರುಳಿಯನ್ನೇ ಅಳಿಸಿಬಿಡುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಅಸ್ಥಿ ಅವನದಲ್ಲದಿದ್ದರೂ ಅವನು ತನ್ನ ಅಕ್ಕನ ಮಗಳನ್ನು ಮದುವೆಯಾದದ್ದು ಸುಳ್ಳಾಗುವುದಿಲ್ಲವಲ್ಲ! ಹೆಸರುಗಳ ಬದಲು ಸಂಕೇತಗಳನ್ನು ಬಳಸಿ. ಹೆಸರು ಸಂಕೇತಗಳ ಪಟ್ಟಿ ಬೇರೆ ಕಡೆ ಬೀಗದಲ್ಲಿರಲಿ. ಅಂಕಿಗಳನ್ನು ತುಂಬುವ ಮೊದಲು ಈ ಚಿತ್ರವನ್ನು ಮುದ್ರಿಸಿ, ಮನೆಯ ಹಿರಿಯರ ಎದುರಿಗೆ ಒಂದೊಂದೇ ಗೆರೆಯನ್ನು ಓದಿ ಹೇಳಿ ಒಪ್ಪಿಗೆ ಪಡೆಯುವುದು ಒಳ್ಳೆಯದು.

ಯಾರಿಂದ ರಕ್ತ ಕೇಳಬೇಕೆಂಬುದನ್ನೂ ಈ ಚಿತ್ರವೇ ಹೇಳುತ್ತದೆ. ತಂದೆ ತಾಯಿ ಇಬ್ಬರೂ ಇದ್ದರೆ ಅದಕ್ಕಿಂತ ಬೇರೆ ಬೇಡ. ಮಗು ಮತ್ತು ಮಗುವಿನ ತಾಯಿ ಅದರ ನಂತರದ್ದು. ಒಡಹುಟ್ಟಿದವರಾದರೆ ಒಬ್ಬರು ಸಾಲದು, ಇಬ್ಬರು ಮೂವರು ಬೇಕು. ಏಕೆಂದರೆ ಒಂದು ಮಾರ್ಕರಿನಲ್ಲಿ ಒಡಹುಟ್ಟಿದವರಿಬ್ಬರು ಯಾವ ಅಲೀಲನ್ನೂ ಒಂದೇ ಮೂಲದಿಂದ ಪಡೆಯದಿರುವ ಸಂಭವವೇ ನಾಲ್ಕರಲ್ಲಿ ಒಂದು. ಚಿಕ್ಕಪ್ಪನೋ ಸೋದರಮಾವನೋ ಒಬ್ಬನೇ ಸಿಕ್ಕಿದರೆ ಎರಡರಲ್ಲಿ ಒಂದು. ಪೆಡ್‌ಸೂಟ್‌ನ ಫಾರೆಲ್ ಎಂಬ ಭಾಗದಲ್ಲಿ, ಇರುವ ಬಂಧುಗಳಿಂದ ಉತ್ತರ ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ಮೊದಲೇ ಅನುಕರಣೆಯಿಂದ ತಿಳಿಯಬಹುದು. ನಾಗಮಂಗಲದಲ್ಲಿರುವ ಎಂಬತ್ತರ ಅಜ್ಜಿಯನ್ನು ಕರೆತರಬೇಕೋ ಬೇಡವೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಅಂದ ಹಾಗೆ ರಕ್ತ ತೆಗೆಯುವುದು, ಮೂಳೆಯನ್ನು ಕಳಿಸುವುದು ಖಾಸಗಿ ಉತ್ಸಾಹದ ಕೆಲಸವಲ್ಲ. ಅಸಹಜ ಸಾವಿನ ತನಿಖೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ನಡೆಯುತ್ತದೆ. ಮಾದರಿಗಳು ಪೊಲೀಸರ ಮತ್ತು ವೈದ್ಯಾಧಿಕಾರಿಯ ಕೈಯಿಂದ, ಮೊಹರು ಮತ್ತು ಪಂಚನಾಮೆಯೊಂದಿಗೆ ಪ್ರಯೋಗಾಲಯಕ್ಕೆ ಹೋಗಬೇಕು.

ಆವರ್ತನದ ಕೋಷ್ಟಕವನ್ನು ತುಂಬುವಾಗ ತಂತ್ರಾಂಶದೊಂದಿಗೆ ಬಂದದ್ದನ್ನೋ ಅಮೆರಿಕದ ಕೋಷ್ಟಕವನ್ನೋ ಬಳಸಬಾರದು. ದಕ್ಷಿಣ ಭಾರತದ ಜನಸಮುದಾಯಗಳ ಬಗ್ಗೆ ಪ್ರಕಟವಾಗಿರುವ ಕೋಷ್ಟಕಗಳಲ್ಲಿ ಹತ್ತಿರದ್ದನ್ನು ಆರಿಸಿಕೊಳ್ಳಿ. ಕೋಷ್ಟಕದಲ್ಲಿ ಇಲ್ಲವೇ ಇಲ್ಲದ ಅಲೀಲು ಎದುರಾದರೆ ಅದಕ್ಕೆ ಸೊನ್ನೆ ಕೊಡದೆ, 1996ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಸೂಚಿಸಿದ ಕನಿಷ್ಠ ಮಿತಿಯನ್ನು ಬಳಸುವುದು ರೂಢಿ: ಕೋಷ್ಟಕದ ಜನಸಂಖ್ಯೆಯ ಎರಡರಷ್ಟರಿಂದ ಐದನ್ನು ಭಾಗಿಸಬೇಕು. 200 ಜನರ ಕೋಷ್ಟಕವಾದರೆ 0.0125. ಒಂದೇ ಒಳಪಂಗಡದಲ್ಲಿ ತಲೆಮಾರುಗಳಿಂದ ಕೊಟ್ಟು ತಂದುಕೊಂಡವರಲ್ಲಿ ಯಾರಿಗೂ ನೆನಪಿಲ್ಲದ ದೂರದ ರಕ್ತಸಂಬಂಧವಿರುತ್ತದೆ. ಅದಕ್ಕಾಗಿ ಥೀಟಾ ಎಂಬ ತಿದ್ದುಪಡಿ ಇದೆ, ಸಾಮಾನ್ಯವಾಗಿ 0.01ರಿಂದ 0.03. ಥೀಟಾ ಹಾಕಿದ್ದೇನಲ್ಲ ಎಂದು ಅಕ್ಕನ ಮಗಳ ಸುರುಳಿಯನ್ನು ಬಿಡುವಂತಿಲ್ಲ. ನೆನಪಿಲ್ಲದ ಸಂಬಂಧಕ್ಕೆ ಥೀಟಾ, ಗೊತ್ತಿರುವ ಸಂಬಂಧಕ್ಕೆ ಗೆರೆ.

ಮ್ಯುಟೇಶನ್ ಮಾದರಿಯನ್ನು ತಪ್ಪದೆ ಚಾಲೂ ಮಾಡಿ. ತಂದೆ ತಾಯಿಯಿಂದ ಮಗುವಿಗೆ ಬರುವಾಗ ಅಲೀಲು ಒಂದು ಹೆಜ್ಜೆ ಬದಲಾಗುವುದು ಮಾರ್ಕರೊಂದಕ್ಕೆ ಸಾವಿರಕ್ಕೆ ಒಂದೆರಡು ಸಲದಂತೆ ನಡೆಯುತ್ತದೆ. 20 ಮಾರ್ಕರುಗಳಲ್ಲಿ ಒಂದು ಕೂಡದಿದ್ದರೆ ‘ಇವನು ಮಗನಲ್ಲ’ ಎಂದು ಬರೆಯುವುದು ಅವಸರ. ನೀರಿನಲ್ಲಿ ನೆನೆದ ಮೂಳೆಯಲ್ಲಿ ಡಿಎನ್‌ಎ ತುಂಡಾಗಿ ಎರಡರಲ್ಲಿ ಒಂದು ಅಲೀಲು ಕಾಣದೆ ಹೋಗುವುದುಂಟು, ಆಗ 12,12 ಎಂದು ಕಂಡದ್ದು ನಿಜವಾಗಿ 12,17 ಆಗಿರಬಹುದು. ಇದಕ್ಕೂ ತಂತ್ರಾಂಶದಲ್ಲಿ ಅವಕಾಶವಿದೆ. ಕಡತವನ್ನು ಒಳಗೆ ತರುವಾಗ ಮಾರ್ಕರಿನ ಹೆಸರು ಕೋಷ್ಟಕದಲ್ಲಿಯೂ ಪ್ರೊಫೈಲಿನಲ್ಲಿಯೂ ಒಂದು ಚುಕ್ಕಿ, ಒಂದು ಜಾಗದ ವ್ಯತ್ಯಾಸವಿಲ್ಲದೆ ಒಂದೇ ಆಗಿರಬೇಕು. ಟಿಎಚ್01 ಎಂಬ ಮಾರ್ಕರಿನಲ್ಲಿ ಬರುವ 9.3 (ಒಂಬತ್ತು ಪೂರ್ಣ ಗುಚ್ಛಗಳು, ಮೇಲೆ ಮೂರು ಅಕ್ಷರ) ಎಂಬುದನ್ನು ಯಾರಾದರೂ 9 ಎಂದು ದುಂಡಗೆ ಮಾಡಿದ್ದಾರೆಯೇ ನೋಡಿಕೊಳ್ಳಿ. ವಿಡಬ್ಲ್ಯುಎ ಮತ್ತು ಡಿ12ಎಸ್391 ಎಂಬ ಮಾರ್ಕರುಗಳೆರಡೂ 12ನೇ ವರ್ಣತಂತುವಿನಲ್ಲಿ ಹತ್ತಿರ ಹತ್ತಿರ ಕುಳಿತಿರುವುದರಿಂದ, ಒಡಹುಟ್ಟಿದವರ ಲೆಕ್ಕದಲ್ಲಿ ಅವೆರಡನ್ನು ಸ್ವತಂತ್ರವೆಂದು ಗುಣಿಸುವುದು ಸರಿಯಲ್ಲ. ಒಂದನ್ನು ಬಿಡಬಹುದು, ಇಲ್ಲವೇ ಇದಕ್ಕಾಗಿಯೇ ಇರುವ ಫ್ಯಾಮ್‌ಲಿಂಕ್ ಬಳಸಬಹುದು.

ಲೆಕ್ಕ ಮುಗಿದ ಮೇಲೆ ಪರದೆಯಲ್ಲಿ ಒಂದು ದೊಡ್ಡ ಅಂಕಿ ಕಾಣುತ್ತದೆ. 10,000 ಎಂದು ಬಂದಿತೆನ್ನಿ. ಅದರ ಅರ್ಥ ಇಷ್ಟೇ: ಈ ಅಸ್ಥಿ ಕಾಣೆಯಾದವನದೇ ಆಗಿದ್ದರೆ ಇಂಥ ಡಿಎನ್‌ಎ ಅಂಕಿಗಳು ಸಿಗುವ ಸಂಭವ, ಸಂಬಂಧವಿಲ್ಲದ ಬೇರೊಬ್ಬನದಾಗಿದ್ದರೆ ಸಿಗುವ ಸಂಭವಕ್ಕಿಂತ ಹತ್ತು ಸಾವಿರ ಪಟ್ಟು ಹೆಚ್ಚು. ‘ಇದು ಅವನದೇ ಎಂಬುದು ಹತ್ತು ಸಾವಿರ ಪಟ್ಟು ಖಚಿತ’ ಎಂದು ಬರೆದರೆ ಅದು ಬೇರೆಯೇ ಮಾತು, ತಪ್ಪು ಮಾತು. ಖಚಿತತೆಯನ್ನು ಹೇಳಬೇಕಾದರೆ ಈ ಅಸ್ಥಿ ಯಾರ್‍ಯಾರದಾಗಿರಬಹುದಿತ್ತು ಎಂಬ ಎಣಿಕೆಯೂ ಬೇಕು. ಕಾಣೆಯಾದ 20 ಜನರಲ್ಲಿ ಒಬ್ಬನೆಂದಾದರೆ ಅದೇ 10,000 ಎಂಬುದು 99.8 ಶೇಕಡಾ ಖಚಿತತೆಯಾಗುತ್ತದೆ. 2,000 ಜನರಲ್ಲಿ ಒಬ್ಬನೆಂದಾದರೆ ಸುಮಾರು 83 ಶೇಕಡಾ ಮಾತ್ರ. ಮನೆಯವರ ಕೈಗೆ ದೇಹವನ್ನು ಕೊಟ್ಟು ತಿಥಿ ಮಾಡಿ ಎನ್ನಲು ಅಷ್ಟು ಸಾಲದು. ಹೀಗಾಗಿ ಎಲ್ಲಿ ಸಿಕ್ಕಿತು, ವಯಸ್ಸೆಷ್ಟು, ಹಲ್ಲು ಹೇಗಿತ್ತು, ಮುರಿದು ಕೂಡಿದ ಮೂಳೆ ಇತ್ತೇ ಎಂಬುವುಗಳನ್ನು ಡಿಎನ್‌ಎ ಬಂದಿದೆಯೆಂದು ಬದಿಗಿಡಬಾರದು.

ದೇಹಗಳು ಹಲವಾದಾಗ ಕೆಲಸದ ಸ್ವರೂಪ ಬದಲಾಗುತ್ತದೆ. 2010ರ ಮಂಗಳೂರು ವಿಮಾನ ದುರಂತದಲ್ಲಿ 158 ಜನ ಸತ್ತಾಗ ಗುರುತು ಹತ್ತದ ದೇಹಗಳ ಮಾದರಿಗಳು ಡಿಎನ್‌ಎ ಬೆರಳಚ್ಚಿನ ಕೇಂದ್ರವಾದ ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಗೆ ಹೋದವು. ನಮ್ಮ ಪಕ್ಕದ ವಯನಾಡಿನಲ್ಲಿ 2024ರ ಜುಲೈ 30ರ ಭೂಕುಸಿತದ ನಂತರ ಪುತ್ತುಮಲೆಯ ಗೋರಿಗಳ ಮೇಲೆ ಹೆಸರಿನ ಬದಲು ಸಂಖ್ಯೆ ಬರೆದು, ಡಿಎನ್‌ಎ ಫಲಿತಾಂಶಕ್ಕೆ ಕಾಯಬೇಕಾಯಿತು. ಇಂಥಲ್ಲಿ ಫ್ಯಾಮಿಲಿಯಾಸ್‌ನ ವಿಪತ್ತು ವಿಭಾಗಕ್ಕೆ ದೇಹಗಳ ಪಟ್ಟಿಯನ್ನು ಒಂದು ಕಡೆ, ಕುಟುಂಬಗಳ ವೃಕ್ಷಗಳನ್ನು ಇನ್ನೊಂದು ಕಡೆ ಕೊಟ್ಟರೆ ಅದು ಎಲ್ಲವನ್ನೂ ಎಲ್ಲದರೊಂದಿಗೆ ಹೋಲಿಸುತ್ತದೆ. ಮೊದಲು ದೇಹಗಳನ್ನೇ ಪರಸ್ಪರ ಹೋಲಿಸಿ. ಒಬ್ಬನದೇ ಎರಡು ಭಾಗಗಳು ಎರಡು ಸಂಖ್ಯೆ ಪಡೆದಿರಬಹುದು, ತಾಯಿ ಮಗು ಇಬ್ಬರೂ ಪಟ್ಟಿಯಲ್ಲಿರಬಹುದು. ಒಂದೇ ಮನೆಯ ಅಣ್ಣ ತಮ್ಮಂದಿರಿಬ್ಬರೂ ಹೋಗಿದ್ದು, ತಂದೆ ತಾಯಿಯ ರಕ್ತ ಮಾತ್ರ ಇದ್ದರೆ, ಎರಡು ದೇಹಗಳೂ ಆ ದಂಪತಿಗಳ ಮಕ್ಕಳವೇ ಎಂದು ಡಿಎನ್‌ಎ ಹೇಳುತ್ತದೆ; ಯಾವುದು ಅಣ್ಣನದು, ಯಾವುದು ತಮ್ಮನದು ಎಂದು ಎಷ್ಟು ಮಾರ್ಕರ್ ಹೆಚ್ಚಿಸಿದರೂ ಹೇಳಲಾರದು. ಅದಕ್ಕೆ ಅವರಲ್ಲೊಬ್ಬನ ಮಗು ಬೇಕು, ಇಲ್ಲವೇ ಹಲ್ಲು, ಎತ್ತರ, ವಯಸ್ಸಿನ ಸಾಕ್ಷಿ ಬೇಕು.

ಲೆಕ್ಕ ಗಟ್ಟಿಯಾಗದಾಗ ವೈ ವರ್ಣತಂತು ಮತ್ತು ಮೈಟೊಕಾಂಡ್ರಿಯದ ಡಿಎನ್‌ಎಗೆ ಕೈಹಾಕುವುದು ರೂಢಿ. ವೈ ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಬದಲಾಗದೆ ಇಳಿಯುವುದರಿಂದ, ಒಂದೂರಿನ ದಾಯಾದಿಗಳೆಲ್ಲರದೂ ಒಂದೇ ಆಗಿರುವ ಸಾಧ್ಯತೆ ಇದೆ. ಅದು ವಂಶವನ್ನು ಹೇಳೀತು, ಮನುಷ್ಯನನ್ನಲ್ಲ. ಮೈಟೊಕಾಂಡ್ರಿಯ ತಾಯಿಯಿಂದ ಬರುವಂಥದ್ದು. ಸಾಮಾನ್ಯವಾಗಿ ಗಂಡನದೂ ಹೆಂಡತಿಯದೂ ಬೇರೆ ಬೇರೆ ಎಂದು ಪಠ್ಯಪುಸ್ತಕಗಳು ಊಹಿಸುತ್ತವೆ. ಅಕ್ಕನ ಮಗಳನ್ನು ಮದುವೆಯಾದ ಮನೆಯಲ್ಲಿ ಆ ಊಹೆ ನಿಲ್ಲುವುದಿಲ್ಲ: ಗಂಡನಿಗೆ ತನ್ನ ತಾಯಿಯಿಂದ ಬಂದದ್ದೇ ಅಕ್ಕನ ಮೂಲಕ ಹೆಂಡತಿಗೂ, ಅವಳಿಂದ ಮಕ್ಕಳಿಗೂ ಬಂದಿರುತ್ತದೆ. ಅಪ್ಪ ಮಕ್ಕಳೆಲ್ಲರದೂ ಒಂದೇ. ಅಂಥ ಮನೆಯಲ್ಲಿ ಮೂಳೆ ತಂದೆಯದೋ ಮಗನದೋ ಎಂಬ ಪ್ರಶ್ನೆ ಬಂದರೆ ಮೈಟೊಕಾಂಡ್ರಿಯ ಸುಮ್ಮನಿರುತ್ತದೆ. ತಂದೆಯ ಗುರುತಿಗೆ ಮಕ್ಕಳ ಮೈಟೊಕಾಂಡ್ರಿಯ ಬರುವುದಿಲ್ಲವೆಂಬ ಸಾಮಾನ್ಯ ನಿಯಮವೂ ಅಲ್ಲಿ ತಿರುಗುಮುರುಗಾಗಿ, ಅದು ಉಪಯೋಗಕ್ಕೆ ಬರುತ್ತದೆ.

ಈ ಲೆಕ್ಕಗಳು ಕೇಳದ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತವೆ. ಅಣ್ಣ ತಮ್ಮ ಎಂದು ಬೆಳೆದವರ ತಂದೆ ಬೇರೆ ಬೇರೆ ಎಂದೋ, ಮಗ ಎಂದುಕೊಂಡವನು ಸಾಕಿದವನೆಂದೋ ತಿಳಿದುಬರಬಹುದು. ರಕ್ತ ತೆಗೆಯುವ ಮೊದಲೇ, ಗುರುತಿಗೆ ಅಗತ್ಯವಿಲ್ಲದ ಸಂಗತಿಯನ್ನು ಯಾರಿಗೂ ತಿಳಿಸುವುದಿಲ್ಲವೆಂದು ಒಪ್ಪಿಗೆ ಪತ್ರದಲ್ಲಿ ಬರೆದಿರಬೇಕು. ಡಿಎನ್‌ಎ ಬ್ಯಾಂಕುಗಳಿಗೆ ನಿಯಮ ರೂಪಿಸಬೇಕಿದ್ದ 2019ರ ಮಸೂದೆಯನ್ನು 2023ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದಿದೆ. ಬಂಧುಗಳ ಪ್ರೊಫೈಲನ್ನು ಈ ಪ್ರಕರಣಕ್ಕಲ್ಲದೆ ಬೇರೆ ಯಾವ ಹುಡುಕಾಟಕ್ಕೂ ಬಳಸುವಂತಿಲ್ಲವೆಂದು ನಾನು ಹೇಳಿಕೊಡುತ್ತೇನೆ.

ವರದಿಯಲ್ಲಿ ಅನುಪಾತವೊಂದನ್ನೇ ಬರೆದು ಸಹಿ ಹಾಕಬೇಡಿ. ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಯಾವ ಆವರ್ತನ ಕೋಷ್ಟಕ, ಥೀಟಾ ಎಷ್ಟು, ಯಾವ ಮ್ಯುಟೇಶನ್ ಮಾದರಿ, ಬಿಟ್ಟ ಮಾರ್ಕರ್ ಯಾವುದು ಮತ್ತು ಏಕೆ, ಇವೆಲ್ಲ ಇರಬೇಕು. ಎರಡು ವಂಶವೃಕ್ಷಗಳನ್ನೂ ಸುರುಳಿಯ ಸಮೇತ ಮುದ್ರಿಸಿ ಲಗತ್ತಿಸಬೇಕು. ಸಂಬಂಧಗಳನ್ನು ಹೇಳಿದವರು ಯಾರು, ಯಾವ ದಿನ ಹೇಳಿದರು, ಯಾವ ಗೆರೆಯನ್ನು ದಾಖಲೆಯಿಂದ ಖಚಿತಪಡಿಸಲಾಗಿದೆ, ಯಾವುದು ಬಾಯಿಮಾತಿನದು ಎಂಬುದನ್ನು ಆ ಚಿತ್ರದ ಕೆಳಗೇ ಬರೆಯಬೇಕು.